ತೆಂಗು, ಬಿದಿರಿನ ಮಾಡು (ಛಾವಣಿ) ನಮ್ಮ ಮಳೆಗೆ ನಿಲ್ಲುತ್ತಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ, ತೆಂಗಿನ ತೋಟ. ಅಜ್ಜ ಕಟ್ಟಿಸಿದ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ ಹಳತಾಗಿದೆ. ಪಕ್ಕದಲ್ಲೇ ಸಾವಿರ ಚದರಡಿಯ ಹೊಸ ಮನೆ ಕಟ್ಟಬೇಕೆಂದಿದ್ದೇವೆ. ಫಸಲು ನಿಂತ ಹಳೆ ತೆಂಗಿನ ಮರಗಳಿವೆ, ತೋಡಿನ ಬದಿಯಲ್ಲಿ ಬಿದಿರಿನ ಮೆಳೆ ಇದೆ. ಮೈಸೂರಿನಲ್ಲಿ ಓದುತ್ತಿರುವ ಮಗಳು ‘ಸಿಮೆಂಟ್ ಕಡಿಮೆ ಮಾಡೋಣ, ಈಗ ಅಣಬೆಯ ಇಟ್ಟಿಗೆ, ಹೆಂಪ್‌ಕ್ರೀಟ್ ಎಲ್ಲ ಬಂದಿದೆ’ ಅನ್ನುತ್ತಾಳೆ. ಮೇಸ್ತ್ರಿ ಮಾತ್ರ ‘ತೆಂಗಿನ ಮರ ಹಾಕಿದರೆ ನಾಲ್ಕು ಮಳೆಗಾಲಕ್ಕೆ ಒರಲೆ (ಗೆದ್ದಲು) ತಿಂದು ಮುಗಿಸುತ್ತದೆ, ಸುಮ್ನೆ ತಾರಸಿ ಹಾಕಿ’ ಅನ್ನುತ್ತಾರೆ. ಆದರೆ ಅಜ್ಜನ ಮನೆಯ ತೆಂಗಿನ ಪಕ್ಕಾಸು (ಹಂಚು ಹೊರುವ ಇಳಿಜಾರು ತೊಲೆ) ಇವತ್ತಿಗೂ ಗಟ್ಟಿಯಾಗಿದೆ! ಮರಕ್ಕೆ ಔಷಧಿ ಹಾಕಬೇಕೆಂದರೆ ಮನೆಯವರಿಗೆ ಮನಸ್ಸಿಲ್ಲ. ನಮ್ಮದು ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಊರು, ಕುಡಿಯುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಏನು ಮಾಡೋಣ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಕಾಣುತ್ತದೆ. ಮರ ಬೇಗ ಹಾಳಾದರೆ ಹಾಕಿದ ದುಡ್ಡೆಲ್ಲ ನೀರಲ್ಲಿ ಹೋಮ. ಹಾಳಾಗಬಾರದೆಂದು ಔಷಧಿ ಹಾಕಿದರೆ ಕುಡಿಯುವ ನೀರಿನ ಭಯ. ಎರಡೂ ಬೇಡವೆಂದು ತಾರಸಿ ಹಾಕಿದರೆ ಮಗಳ ಮಾತನ್ನು ತಳ್ಳಿಹಾಕಿದ ಹಾಗೆ. ಕರಾವಳಿಯ ಹಳೆ ಮನೆಗಳ ಮಾಡು ರಿಪೇರಿ ಮಾಡಿಸುವ ಇಂಜಿನಿಯರ್ ನಾನು. ಈ ಮೂರೂ ಚಿಂತೆ ನನಗೆ ಹೊಸತಲ್ಲ. ಮೂರಕ್ಕೂ ದಾರಿ ಇದೆ. ಆದರೆ ಎಲ್ಲ ಕಡೆ ಎಲ್ಲ ವಸ್ತು ಹಾಕಬಾರದು, ಅಷ್ಟೆ.

ಮೇಸ್ತ್ರಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಅಜ್ಜನ ಪಕ್ಕಾಸಿನಲ್ಲೂ ಸುಳ್ಳಿಲ್ಲ. ತೆಂಗಿನ ಮರವನ್ನು ಅಡ್ಡ ಕೊಯ್ದ ತುಂಡೊಂದನ್ನು ಬಿಸಿಲಿಗೆ ಹಿಡಿದು ನೋಡಿ. ತೇಗ, ಹಲಸಿನಲ್ಲಿ ಕಾಣುವ ಉಂಗುರ ಇದರಲ್ಲಿಲ್ಲ, ಕೆಚ್ಚು (ಗಟ್ಟಿ ಒಳಮರ) ಎನ್ನುವುದೂ ಇಲ್ಲ. ಇರುವುದು ಕಡುಕಂದು ಚುಕ್ಕೆಗಳು. ಹೊರಗಡೆ ಒತ್ತೊತ್ತಾಗಿ, ನಡುವಿಗೆ ಹೋದ ಹಾಗೆ ವಿರಳವಾಗಿ. ಆ ಚುಕ್ಕೆಗಳೇ ಗಟ್ಟಿ ನಾರಿನ ಕಟ್ಟುಗಳು. ಹಳೆ ಮರದ ಬುಡದ ಹೊರಭಾಗ ಒಣಗಿದ ಮೇಲೂ ಘನ ಮೀಟರಿಗೆ 600 ಕೆಜಿಗಿಂತ ಜಾಸ್ತಿ ತೂಗುತ್ತದೆ, ತೇಗದ ಸಾಲಿಗೆ ಬರುತ್ತದೆ. ನಡುವಿನ ಭಾಗ 400 ಕೆಜಿಯೂ ಇರುವುದಿಲ್ಲ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ತುದಿಯ ಕಡೆಗೆ ಹೋದರೆ ಹೊರಭಾಗವೂ ಮೆತ್ತಗೆ.

ಹಿಂದಿನ ಆಚಾರಿಗಳು ಐವತ್ತು, ಅರವತ್ತು ವರ್ಷ ದಾಟಿದ ಮರವನ್ನೇ ಆರಿಸುತ್ತಿದ್ದರು. ಬುಡದ ಕಡೆಯ ಹೊರಭಾಗವನ್ನು ಪಕ್ಕಾಸಿಗೆ ತೆಗೆದು, ನಡುವಿನದನ್ನು ಒಲೆಗೋ ಹಟ್ಟಿಯ (ದನದ ಕೊಟ್ಟಿಗೆಯ) ಕೆಲಸಕ್ಕೋ ಬಿಡುತ್ತಿದ್ದರು. ಈಗ ಹಾಗಿಲ್ಲ. ಮರ ಇಡಿಯಾಗಿ ಮಿಲ್ಲಿಗೆ ಹೋಗುತ್ತದೆ, ಹೊರಗಿನದು, ಒಳಗಿನದು, ತುದಿಯದು ಎಲ್ಲ ಒಂದೇ ಅಟ್ಟಿಯಲ್ಲಿ ವಾಪಸ್ ಬರುತ್ತದೆ. ಹಸಿ ಇರುವಾಗಲೇ ಮಾಡಿಗೆ ಏರುತ್ತದೆ. ಮೇಸ್ತ್ರಿ ಹೇಳುವ ನಾಲ್ಕು ಮಳೆಗಾಲದ ಕಥೆ ಹುಟ್ಟುವುದು ಇಲ್ಲಿಂದ.

ಇನ್ನೊಂದು ವಿಷಯವೂ ಇದೆ. ಇದು ಮುಖ್ಯ, ಆದರೆ ಜನ ಮರೆಯುತ್ತಾರೆ. ಅಜ್ಜನ ಮನೆಯಲ್ಲಿ ಸೌದೆ ಒಲೆ ಇತ್ತು. ಹೊಗೆ ಅಟ್ಟಕ್ಕೆ ಏರಿ, ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ದಿನಾ ಆ ಬಿಸಿಗೆ ಪಕ್ಕಾಸು ಮಳೆಗಾಲದಲ್ಲೂ ಒಣಗಿಯೇ ಇರುತ್ತಿತ್ತು. ಹೊಸ ಮನೆಯಲ್ಲಿ ಗ್ಯಾಸ್, ಅಡಿಯಲ್ಲಿ ಫಾಲ್ಸ್ ಸೀಲಿಂಗ್. ಗಾಳಿ ಆಡುವುದಿಲ್ಲ. ಹಾಗಾಗಿ ‘ಅಜ್ಜ ಏನೂ ಔಷಧಿ ಹಾಕಿರಲಿಲ್ಲ, ನಾವೂ ಹಾಕುವುದು ಬೇಡ’ ಎಂಬ ವಾದಕ್ಕೆ ನಾನು ಒಪ್ಪುವುದಿಲ್ಲ. ಅಜ್ಜನ ಮನೆಯ ಮರಕ್ಕೆ ಹೊಗೆಯೇ ಔಷಧಿ.

ಮರ ಹಾಳಾಗುವುದು ಮೂರು ದಾರಿಯಲ್ಲಿ. ಒಂದು ಬೂಸ್ಟು, ಅಂದರೆ ಕೊಳೆಸುವ ಶಿಲೀಂಧ್ರ. ಮರದ ತೇವ ಅದರ ಒಣ ತೂಕದ ಶೇಕಡಾ 20ಕ್ಕಿಂತ ಕೆಳಗಿದ್ದರೆ ಇದಕ್ಕೆ ಬದುಕಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಬರೀ ಗಾಳಿಯ ತೇವಕ್ಕೇ ಮರ ಆ ಗೆರೆಯ ಹತ್ತಿರ ಬಂದು ನಿಂತಿರುತ್ತದೆ. ಮೇಲಿಂದ ಒಂದು ಒಡೆದ ಹಂಚಿನ ನೀರು ಬಿದ್ದರೆ ಗೆರೆ ದಾಟಿತು. ಎರಡನೆಯದು ಕುಟ್ಟೆ, ಅಂದರೆ ಮರ ಕೊರೆಯುವ ಹುಳ. ಅದಕ್ಕೆ ಬೇಕಾದ್ದು ಮರದೊಳಗಿನ ಪಿಷ್ಟ. ಬಿದಿರು, ರಬ್ಬರ್ ಮರದಲ್ಲಿ ಹಿಟ್ಟು ಉದುರುವುದು ಇದರಿಂದಲೇ. ಮೂರನೆಯದು ಒರಲೆ. ನಮ್ಮೂರಿನ ಒರಲೆ ಸಾಮಾನ್ಯವಾಗಿ ನೆಲದಿಂದ ಬರುವಂಥದ್ದು, ಮಣ್ಣಿನ ಸಂಪರ್ಕ, ತೇವ ಎರಡೂ ಅದಕ್ಕೆ ಬೇಕು. ಗೋಡೆ ಮೇಲೆ ಮಣ್ಣಿನ ಗೆರೆ ಎಳೆದುಕೊಂಡು ಹತ್ತುತ್ತದಲ್ಲ, ಅದು ತೇವ ಉಳಿಸಿಕೊಳ್ಳಲು ಅದು ಮಾಡುವ ಕೊಳವೆ.

ಹಳೆ ಮಾಡು ಬಿಚ್ಚಿದಾಗ ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ಪಕ್ಕಾಸಿನ ನಡುಭಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಂದಿಷ್ಟೂ ಇಳಿಯುವುದಿಲ್ಲ. ಅದೇ ಪಕ್ಕಾಸಿನ ತುದಿ ಗೋಡೆಯೊಳಗೆ ಹೂತಿರುವಲ್ಲಿ ಒತ್ತಿ, ಹಿಡಿಯವರೆಗೂ ಹೋಗುತ್ತದೆ. ಸೂರಿನಂಚಿನಲ್ಲಿ ಮಳೆಗೆ ನೆನೆಯುವ ತುದಿಯದೂ ಇದೇ ಕಥೆ. ಮರ ಒಂದೇ, ವಯಸ್ಸು ಒಂದೇ, ನೀರು ನಿಂತ ಜಾಗ ಮಾತ್ರ ಹೋಗಿದೆ. ಆದ್ದರಿಂದ ಯಾವ ಮರ ಎನ್ನುವುದಕ್ಕಿಂತ ಆ ಮರಕ್ಕೆ ನೀರು ಎಲ್ಲಿ ತಾಗುತ್ತದೆ ಎನ್ನುವುದನ್ನು ಮೊದಲು ನೋಡಿ ಎನ್ನುತ್ತೇನೆ.

ಈಗ ಮಗಳ ಮಾತಿಗೆ ಬರೋಣ. ಸಿಮೆಂಟಿನ ವಿಷಯದಲ್ಲಿ ಅವಳು ಹೇಳುವುದು ಸರಿ. ಲೋಕದಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8 ಸಿಮೆಂಟ್ ತಯಾರಿಯಿಂದ ಬರುತ್ತದೆ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಅರ್ಧಕ್ಕಿಂತ ಹೆಚ್ಚು ಅನಿಲ ಬರುವುದು ಇಂಧನದಿಂದಲ್ಲ, ಆ ಕಲ್ಲಿನೊಳಗಿಂದಲೇ. ಹಾಗಾಗಿ ಬಿಸಿಲಿನ ಕರೆಂಟಿನಲ್ಲಿ ಸುಟ್ಟರೂ ಪೂರ್ತಿ ನಿಲ್ಲುವುದಿಲ್ಲ. ಮರದ ಲೆಕ್ಕ ಉಲ್ಟಾ. ಒಣ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲ. ಒಂದು ಕೆಜಿ ಒಣ ಮರ ಬೆಳೆಯುವಾಗ ಗಾಳಿಯಿಂದ ಸುಮಾರು 1.8 ಕೆಜಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಿರುತ್ತದೆ. ಆದರೆ ಆ ಲಾಭ ಮರ ಮಾಡಿನಲ್ಲಿ ಇರುವಷ್ಟು ವರ್ಷ ಮಾತ್ರ. ನಾಲ್ಕು ಮಳೆಗಾಲಕ್ಕೆ ಕೊಳೆತರೆ ಅಷ್ಟೂ ವಾಪಸ್ ಗಾಳಿಗೆ, ಮೇಲೆ ಹೊಸ ಮಾಡಿನ ಖರ್ಚು. ಬಾಳಿಕೆ ಬರದ ಹಸಿರು ಮನೆಯಿಂದ ಪರಿಸರಕ್ಕೂ ಉಪಕಾರವಿಲ್ಲ. ಈ ಮಾತನ್ನು ಮಗಳಿಗೆ ದಯವಿಟ್ಟು ಹೇಳಿ.

ಅಣಬೆಯ ಇಟ್ಟಿಗೆ ನಿಜವಾದ ವಸ್ತುವೇ. ಕೃಷಿ ತ್ಯಾಜ್ಯದ ಮೇಲೆ ಅಣಬೆಯ ಬೇರಿನಂಥ ಎಳೆಗಳನ್ನು ಬೆಳೆಸಿ, ಬೇಕಾದ ಆಕಾರ ಬಂದ ಮೇಲೆ ಒಣಗಿಸಿ ಅದನ್ನು ಸಾಯಿಸುತ್ತಾರೆ. 2014ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಇಟ್ಟಿಗೆಯ ಗೋಪುರವನ್ನೇ ಕಟ್ಟಿದ್ದರು. ಅದು ಒಂದು ಬೇಸಿಗೆಯ ಪ್ರದರ್ಶನಕ್ಕೆ ಕಟ್ಟಿದ್ದು, ಆಮೇಲೆ ಕಳಚಿ ಗೊಬ್ಬರ ಮಾಡಿದರು. ಪ್ಯಾಕಿಂಗ್‌ಗೆ, ಶಬ್ದ ಹೀರುವ ಹಲಗೆಗೆ ಈ ವಸ್ತು ಚೆನ್ನ. ಭಾರ ಹೊರುವ ಗೋಡೆಗೆ ಅಲ್ಲ. ನೀರು ಹೀರುತ್ತದೆ. ಹೆಂಪ್‌ಕ್ರೀಟ್ ಎಂದರೆ ಹೆಂಪ್ ಗಿಡದ ದಂಟಿನ ಚೂರಿಗೆ ಸುಣ್ಣ ಸೇರಿಸಿದ್ದು. ಬಿಸಿ, ಚಳಿ ತಡೆಯುವುದರಲ್ಲಿ ಒಳ್ಳೆಯದು, ಆದರೆ ಅದೂ ಭಾರ ಹೊರುವುದಿಲ್ಲ, ಮರದ ಚೌಕಟ್ಟು ಬೇಕೇ ಬೇಕು. ಒಣಗಲು ವಾರಗಟ್ಟಲೆ ಒಣ ಗಾಳಿ ಬೇಕು. ಯುರೋಪಿನ ಚಳಿಗೆ ಹುಟ್ಟಿದ ವಸ್ತುವನ್ನು ಪೆರ್ಲದ ಸೆಕೆಗೆ ದೂರದಿಂದ ಲಾರಿಯಲ್ಲಿ ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಗೋಡೆಗೆ ಹೊಸದೇನೂ ಹುಡುಕಬೇಡಿ. ಮುರಕಲ್ಲು ಸಸ್ಯದ ವಸ್ತುವಲ್ಲ, ನಿಜ. ಆದರೆ ಅದನ್ನು ಸುಡುವುದಿಲ್ಲ, ಕಡಿದು ತರುತ್ತಾರೆ ಅಷ್ಟೆ. ಹತ್ತಿರದ ಕೋರೆಯಿಂದ ಬಂದರೆ ಗೋಡೆಗೆ ತಗಲುವ ಇಂಧನವೂ ಕಡಿಮೆ. ಅಜ್ಜನ ಮನೆ ಕಳಚುವುದಾದರೆ ಅದರ ಗಟ್ಟಿ ಕಲ್ಲುಗಳನ್ನೂ ಬಳಸಿ. ಕಟ್ಟುವ ಗಾರೆಯಲ್ಲಿ ಸುಣ್ಣ ಸೇರಿಸಿ ಸಿಮೆಂಟ್ ಇಳಿಸಬಹುದು. ಭತ್ತದ ಉಮಿಯ ಬೂದಿಯ ಬಗ್ಗೆಯೂ ಕೇಳಿರಬಹುದು. ಕಾಂಕ್ರೀಟಿಗೆ ಸೇರಿಸಬಹುದಾದ ವಸ್ತು ಎಂದು ಕಾಂಕ್ರೀಟ್ ಕೆಲಸದ ನಿಯಮ ಹೇಳುವ ಭಾರತೀಯ ಮಾನಕ 456ರಲ್ಲೇ ಅದರ ಹೆಸರಿದೆ. ಆದರೆ ಅದು ಸುಮಾರು 700 ಡಿಗ್ರಿ ಮೀರದ ಹಾಗೆ ಹದವಾಗಿ ಸುಟ್ಟು, ನುಣ್ಣಗೆ ಅರೆದ ಬೂದಿ. ಅಕ್ಕಿ ಗಿರಣಿಯ ಒಲೆಯಿಂದ ಗೋರಿ ತಂದ ಕಪ್ಪು ಬೂದಿ ಹಾಕಿ ಪಿಲ್ಲರ್ ಎರಕ ಹೊಯ್ಯಬೇಡಿ.

ನಿಮ್ಮ ಮನೆಯಲ್ಲಿ ಸಿಮೆಂಟ್, ಕಬ್ಬಿಣ ನುಂಗುವ ದೊಡ್ಡ ಜಾಗ ತಾರಸಿ. ತೋಟದ ಮರ ಉಪಯೋಗಕ್ಕೆ ಬರುವುದೂ ಅಲ್ಲೇ. ನಿಮ್ಮ ಜಾಗದಲ್ಲಿ ನಾನಿದ್ದರೆ ತಾರಸಿ ಬಿಟ್ಟು ತೆಂಗಿನ ಪಕ್ಕಾಸಿನ ಮೇಲೆ ಹಂಚು ಹೊದೆಸುತ್ತಿದ್ದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ನಮ್ಮ ಆಚಾರಿಗಳಿಗೆ ಈ ಲೆಕ್ಕ ಕೈಗೆ ಹತ್ತಿದೆ. ಅಜ್ಜನ ಮನೆಯ ಹಂಚನ್ನು ಬೆರಳಿನ ಗಂಟಿನಲ್ಲಿ ತಟ್ಟಿ ನೋಡಿ. ಟಣ್ ಎಂದರೆ ಇಟ್ಟುಕೊಳ್ಳಿ, ಮಂಕಾಗಿ ಕೇಳಿದರೆ ಬಿರುಕಿದೆ. ಹಳೆ ಹಂಚು ಮತ್ತೆ ಏರಿದರೆ ಹೊಸದಾಗಿ ಸುಡುವ ಕೆಲಸವೇ ಇಲ್ಲ.

ಮಾಡು ಕಟ್ಟುವಾಗ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಸೂರು ಗೋಡೆಯಿಂದ ಮೂರು ಅಡಿಯಾದರೂ ಹೊರಗೆ ಚಾಚಿರಲಿ. ಪಕ್ಕಾಸಿನ ತುದಿಯನ್ನು ಗಾರೆಯಲ್ಲಿ ಹೂಳಬೇಡಿ. ಗೋಡೆಯ ಮೇಲೆ ಕಾಂಕ್ರೀಟಿನ ಪಟ್ಟಿ ಹಾಕಿ, ಅದರ ಮೇಲೆ ತೇವ ತಡೆಯುವ ಹಾಳೆ ಹಾಸಿ, ಆಮೇಲೆ ಮರ ಕೂರಿಸಿ ಬೋಲ್ಟ್ ಬಿಗಿಸಿ. ಸುತ್ತ ಗಾಳಿಯಾಡಲಿ. ಗಾಳಿಮಳೆಗೆ ಮಾಡು ಹಾರುವುದನ್ನು ತಡೆಯುವುದೂ ಅದೇ ಬೋಲ್ಟು. ಮುಚ್ಚಿಗೆ (ಮಾಡಿನ ಅಡಿಯ ಹೊದಿಕೆ) ಬೇಕಿದ್ದರೆ ಸಂದಿ ಬಿಟ್ಟು ಹೊಡೆಸಿ. ಅಡಿಕೆ ಮರ ಸೀಳಿದ ದಬ್ಬೆ ಇದಕ್ಕೆ ಬಹಳ ಚೆನ್ನ. ಹಾಳಾದರೆ ಒಂದೊಂದೇ ಬದಲಿಸಬಹುದು, ತೋಟದಲ್ಲಿ ಕೊರತೆಯೂ ಇಲ್ಲ.

ಒರಲೆಗೆ ನೆಲದಲ್ಲೇ ತಡೆ ಹಾಕಬೇಕು. ಸಾಮಾನ್ಯವಾಗಿ ಪಂಚಾಂಗದ (ಮನೆಯ ಅಡಿಪಾಯದ) ಮಣ್ಣಿಗೆ ಕೀಟನಾಶಕ ಸುರಿಯುತ್ತಾರೆ. ನಿಮ್ಮ ಮನೆಯವರು ಬೇಡ ಎನ್ನುವುದರಲ್ಲಿ ನ್ಯಾಯವಿದೆ. ಮುರಕಲ್ಲಿನ ನೆಲ ತೂತುತೂತು. ಮೇಲೆ ಸುರಿದದ್ದು ಎಲ್ಲಿ ಇಳಿಯುತ್ತದೆ ಎಂದು ಯಾರೂ ಹೇಳಲಾರರು, ಸುರಂಗದ ನೀರು ಒಸರುವುದು ಅದೇ ಕಲ್ಲಿನಿಂದ. ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕಂಡವರಿಗೆ, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇಳುವವರೆಗೆ ಕಾದವರಿಗೆ, ‘ಏನೂ ಆಗುವುದಿಲ್ಲ’ ಎಂಬ ಮಾತು ಸಾಲದು. ಸುರಂಗ, ಬಾವಿ ಹತ್ತಿರವಿರುವ ಜಾಗದಲ್ಲಿ ನಾನು ಮಣ್ಣಿಗೆ ಕೀಟನಾಶಕ ಹಾಕಿಸುವುದಿಲ್ಲ. ಅದರ ಬದಲು ಪಂಚಾಂಗದ ಮೇಲೆ ಎಲ್ಲೂ ತುಂಡಾಗದ ಹಾಗೆ ಮೂರು ಇಂಚಿನ ಗಟ್ಟಿ ಕಾಂಕ್ರೀಟ್ ಪಟ್ಟಿ. ಮರದ ಕಂಬವಿದ್ದರೆ ಅದರ ಬುಡಕ್ಕೆ ಅಂಚು ಕೆಳಗೆ ಬಾಗಿಸಿದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು. ಒರಲೆಯನ್ನು ಇದು ಪೂರ್ತಿ ತಡೆಯುವುದಿಲ್ಲ. ಆದರೆ ಕಲ್ಲಿನೊಳಗೆ ಕದ್ದು ಏರುವ ಬದಲು ಅದು ಹೊರಗೆ ಸುತ್ತಿ ಬರಬೇಕಾಗುತ್ತದೆ. ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ, ಗುಡಿಸಿ ಹಾಕಬಹುದು. ಗೋಡೆಗೆ ತಾಗಿಸಿ ಸೌದೆ, ತೆಂಗಿನ ಸಿಪ್ಪೆ ರಾಶಿ ಹಾಕುವ ಅಭ್ಯಾಸ ಮಾತ್ರ ಬಿಡಬೇಕು.

ಮರಕ್ಕೆ ಹಾಕುವ ಔಷಧಿಯ ಮಾತು ಬೇರೆ. ಒಳಮನೆಯ ಮರಕ್ಕೆ ನಾನು ಹೇಳುವುದು ಬೋರಾಕ್ಸ್, ಬೋರಿಕ್ ಆಮ್ಲದ ಮಿಶ್ರಣ. ಬೋರಾಕ್ಸ್ ನಿಮಗೆ ಗೊತ್ತಿರುವುದೇ, ತೆಂಗಿಗೆ ಬೋರಾನ್ ಕೊರತೆಯಾದಾಗ ಬುಡಕ್ಕೆ ಹಾಕುತ್ತೀರಲ್ವಾ. ಇದು ಆವಿಯಾಗುವುದಿಲ್ಲ, ವಾಸನೆ ಇಲ್ಲ, ಒಣಗಿದ ಮೇಲೆ ಮರದೊಳಗೇ ಇರುತ್ತದೆ. ಕುಟ್ಟೆ, ಬೂಸ್ಟು, ಒರಲೆ ಮೂರಕ್ಕೂ ಕೆಲಸ ಮಾಡುತ್ತದೆ. ಹಾಗೆಂದು ಇದು ನಿರಪಾಯಕಾರಿ ಅಲ್ಲ. ಹೊಟ್ಟೆಗೆ ಹೋಗಬಾರದು. ಗರ್ಭಿಣಿಯರು, ಮಕ್ಕಳು ಈ ಕೆಲಸದ ಹತ್ತಿರ ಬರಬಾರದು. ಕೈಗವಸು ಬೇಕು. ಉಳಿದ ನೀರನ್ನು ತೋಡಿಗಾಗಲಿ ಅಡಿಕೆ ಬುಡಕ್ಕಾಗಲಿ ಚೆಲ್ಲಬೇಡಿ. ಚೂರು ಬೋರಾನ್ ಗಿಡಕ್ಕೆ ಬೇಕು, ಜಾಸ್ತಿಯಾದರೆ ಗಿಡ ಸುಡುತ್ತದೆ. ಇನ್ನೊಂದು ಮಿತಿ: ಮಳೆ ನೀರಿಗೆ ಬೋರಾನ್ ತೊಳೆದುಹೋಗುತ್ತದೆ. ಆದ್ದರಿಂದ ಸೂರಿನ ಒಳಗಿನ ಮರಕ್ಕೆ ಮಾತ್ರ. ಹೊರಗಿನ ಕಂಬಗಳಿಗೆಂದು ಮಾರುವ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇಳಿಸಿದ ಮರ ಬಾಳಿಕೆ ಬರುತ್ತದೆ. ಆದರೆ ಅದನ್ನು ಮನೆಯೊಳಗೆ ತರಬೇಡಿ, ಅದರ ತುಂಡನ್ನು ಒಲೆಗಂತೂ ಹಾಕಲೇಬೇಡಿ.

ಬಿದಿರಿಗೆ ಈ ಉಪಚಾರ ಇಲ್ಲದಿದ್ದರೆ ಸುಮ್ಮನೆ ಬಿಡುವುದೇ ಒಳ್ಳೆಯದು. ಮೂರು, ನಾಲ್ಕು ವರ್ಷ ದಾಟಿದ ಬಿದಿರು ಆರಿಸಿ. ಎಳೆಯದರ ಮೈಮೇಲೆ ಬಿಳಿ ಪುಡಿ, ಗಂಟಿನಲ್ಲಿ ಒಣ ಪೊರೆ ಇರುತ್ತದೆ. ಬಲಿತದರ ಮೇಲೆ ಕಲ್ಲುಹೂವಿನ ಮಚ್ಚೆ ಕಾಣುತ್ತದೆ. ಕಳಲೆ ಏಳುವ ಮಳೆಗಾಲದಲ್ಲಿ ಕಡಿಯಬೇಡಿ. ಹಿರಿಯರು ಕಡಿದ ಬಿದಿರನ್ನು ತೋಡಿನ ನೀರಲ್ಲಿ ಮುಳುಗಿಸುತ್ತಿದ್ದರು. ಅದರಿಂದ ಪಿಷ್ಟ ಕರಗಿ ಕುಟ್ಟೆ ಕಡಿಮೆಯಾಗುತ್ತದೆ, ಒರಲೆಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಒಳಗಿನ ಗಂಟುಗಳನ್ನು ಉದ್ದ ಸರಳಿನಿಂದ ತೂತು ಮಾಡಿ, 100 ಲೀಟರ್ ನೀರಿಗೆ 3 ಕೆಜಿ ಬೋರಾಕ್ಸ್, 2 ಕೆಜಿ ಬೋರಿಕ್ ಆಮ್ಲ ಕರಗಿಸಿದ ತೊಟ್ಟಿಯಲ್ಲಿ ಒಂದೆರಡು ವಾರ ಮುಳುಗಿಸಿಡಿ. ಆಮೇಲೆ ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಬಿದಿರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ, ಕಬ್ಬಿಣದ ಬದಲು ಬಿದಿರು ಹಾಕಿ ಕಾಂಕ್ರೀಟ್ ಎರಕ ಹೊಯ್ಯಬಹುದು ಅಂತ. ಬೇಡವೇ ಬೇಡ. ಹಸಿ ಕಾಂಕ್ರೀಟಿನ ನೀರು ಕುಡಿದು ಬಿದಿರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹಿಡಿತ ಬಿಟ್ಟುಹೋಗುತ್ತದೆ. ಎಳೆದರೆ ಕಬ್ಬಿಣಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಒಳಗೆ ಕೊಳೆತರೂ ಹೊರಗೆ ಗೊತ್ತಾಗುವುದಿಲ್ಲ. ಬಿದಿರು ಕಣ್ಣಿಗೆ ಕಾಣುವ ಹಾಗಿರಬೇಕು: ಜಗಲಿಯ ಮಾಡು, ಕೊಟ್ಟಿಗೆ, ಒಳಗಿನ ತಡಿಕೆ ಗೋಡೆ. ಬೆಂಕಿಯ ವಿಷಯದಲ್ಲೂ ಬಿದಿರು ತೆಂಗಿಗಿಂತ ದುರ್ಬಲ. ದಪ್ಪ ಮರ ಹೊರಗೆ ಇದ್ದಿಲಾಗುತ್ತಾ ನಿಧಾನಕ್ಕೆ ಉರಿಯುತ್ತದೆ, ಟೊಳ್ಳು ಬಿದಿರು ಬೇಗ ಹೋಗುತ್ತದೆ. ಅಡುಗೆಕೋಣೆಯ ಮೇಲೆ ಬಿದಿರು ಬೇಡ. ವಯರಿಂಗ್ ಎಲ್ಲ ಪೈಪಿನೊಳಗೇ ಹೋಗಲಿ.

ಪೂರ್ತಿ ಮರದ ಮಾಡಿಗೆ ಧೈರ್ಯ ಸಾಲದಿದ್ದರೆ ನಡುವಿನ ದಾರಿಯೂ ಇದೆ. ಮಲಗುವ ಕೋಣೆ, ಅಡುಗೆಕೋಣೆಗೆ ತಾರಸಿ ಹಾಕಿ, ಚಾವಡಿ ಮತ್ತು ಜಗಲಿಗೆ ತೆಂಗಿನ ಮಾಡು. ತಾರಸಿಯ ಅಡಿಭಾಗದಲ್ಲಿ ಕಾಂಕ್ರೀಟಿಗೆ ಕೆಲಸ ಕಡಿಮೆ, ಅಲ್ಲಿ ಹಳೆ ಹಂಚು ತುಂಬಿಸಿ ಎರಕ ಹೊಯ್ದರೆ ಕಾಂಕ್ರೀಟ್ ಇಳಿಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಈ ಕ್ರಮವನ್ನು ಬಳಕೆಗೆ ತಂದರು. ಅವರೊಂದಿಗೆ 1985ರಲ್ಲಿ ಶುರುವಾದ ಕಾಸ್ಟ್‌ಫೋರ್ಡ್ ಸಂಸ್ಥೆ ಇಂಥ ಮನೆಗಳನ್ನು ಕಟ್ಟುತ್ತಾ ಬಂದಿದೆ. ಇದರ ತೊಂದರೆ ಎಂದರೆ ತಾರಸಿ ಮತ್ತು ಮಾಡು ಸೇರುವ ಜಾಗ. ಅಲ್ಲಿ ಸೋರಿಕೆ ಶುರುವಾದರೆ ಹುಡುಕುವುದು ಕಷ್ಟ. ಮಾಡನ್ನು ತಾರಸಿಗಿಂತ ಮೇಲಿಟ್ಟು, ಅದರ ಮೇಲೆ ಇಳಿಸಿಬಿಡಿ. ನಡುವೆ ಓಣಿ ಮಾಡಬೇಡಿ.

ಖರ್ಚಿನ ಬಗ್ಗೆ ಆಸೆ ಹುಟ್ಟಿಸುವುದು ನನಗಿಷ್ಟವಿಲ್ಲ. ಮರ ನಿಮ್ಮದೇ ಆದರೂ ಕೊಯ್ಯಿಸುವುದು, ಉಪಚಾರ, ಒಣಗಿಸುವುದು, ಆಚಾರಿಯ ಕೂಲಿ ಎಲ್ಲ ಸೇರಿ ತಾರಸಿಗೆ ಸರಿಸಮ ಬಂದರೂ ಬರಬಹುದು. ತೆಂಗಿನ ಹೊರಭಾಗ ಗರಗಸದ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ, ಕಾರ್ಬೈಡ್ ಹಲ್ಲಿನ ಗರಗಸ ಇರುವ ಮಿಲ್ಲನ್ನೇ ಹುಡುಕಬೇಕು. ಬ್ಯಾಂಕ್ ಸಾಲ ಬೇಕಿದ್ದರೆ ಮರದ ಮಾಡಿಗೆ ಎಷ್ಟು ಮೌಲ್ಯ ಕಟ್ಟುತ್ತಾರೆ ಎಂದು ನಕ್ಷೆಗೆ ಮೊದಲೇ ಕೇಳಿ. ಪಂಚಾಯತಿಗೆ ಕೊಡುವ ನಕ್ಷೆಯಲ್ಲಿ ಮಾಡಿನ ವಸ್ತುವನ್ನು ಸ್ಪಷ್ಟವಾಗಿ ಬರೆಸಿ. ಕೇರಳ ಪಂಚಾಯತ್ ಕಟ್ಟಡ ನಿಯಮ 2019ರದ್ದು, ಪರವಾನಗಿ ಇರುವ ಇಂಜಿನಿಯರ್ ಅದರ ಪ್ರಕಾರವೇ ನಕ್ಷೆ ಮಾಡುತ್ತಾರೆ. ಮನೆ ಮುಗಿದ ಮೇಲೂ ಪ್ರತಿ ವರ್ಷ ಮೇ ಕೊನೆಯ ಪತ್ತನಾಜೆಯ ಮೊದಲು ಒಬ್ಬರು ಮಾಡು ಹತ್ತಿ ಒಡೆದ ಹಂಚು ಬದಲಿಸಲೇಬೇಕು. ಅದಕ್ಕೆ ಜನ ಸಿಗುವುದಿಲ್ಲ ಎಂದಾದರೆ ತಾರಸಿಯೇ ಹಾಕಿ, ನಾನು ಬೇಡ ಎನ್ನುವುದಿಲ್ಲ.

ಮಾಡುವುದೆಂದು ತೀರ್ಮಾನವಾದರೆ ಡಿಸೆಂಬರ್, ಜನವರಿಯಲ್ಲಿ ಮರ ಕಡಿಸಿ. ಐವತ್ತು ದಾಟಿದ, ಕಾಂಡದಲ್ಲಿ ರಸ ಸೋರದ ಮರಗಳಿಗೆ ಗುರುತು ಹಾಕಿ. ಮಿಲ್ಲಿನಲ್ಲಿ ನೀವೇ ನಿಂತು, ಚುಕ್ಕೆ ಒತ್ತಾಗಿರುವ ಹೊರಭಾಗದ ಪಕ್ಕಾಸುಗಳಿಗೆ ಬಣ್ಣ ಬಳಿಸಿ ಬೇರೆ ಅಟ್ಟಿ ಹಾಕಿಸಿ. ಕೊಯ್ದ ಹಸಿ ಮರವನ್ನು ಅಂದೋ ಮರುದಿನವೋ ಬೋರಾನ್ ನೀರಿನಲ್ಲಿ ಅದ್ದಬೇಕು. ಇದಕ್ಕೆ ಬಿದಿರಿನದಕ್ಕಿಂತ ಗಟ್ಟಿ ಮಿಶ್ರಣ ಬೇಕು. ಆಮೇಲೆ ಒತ್ತಾಗಿ ಪೇರಿಸಿ ಪ್ಲಾಸ್ಟಿಕ್ ಮುಚ್ಚಿಡಿ. ಹಸಿ ಮರದ ನೀರಿನ ಮೂಲಕವೇ ಬೋರಾನ್ ಒಳಗಿಳಿಯುತ್ತದೆ. ಒಂದು ಇಂಚಿನ ಹಲಗೆಗೆ ಸುಮಾರು ನಾಲ್ಕು ವಾರ, ಪಕ್ಕಾಸಿನ ದಪ್ಪಕ್ಕೆ ಇನ್ನೂ ಜಾಸ್ತಿ. ಆಮೇಲೆ ರೀಪಿನ (ಸಣ್ಣ ಮರದ ಪಟ್ಟಿಯ) ತುಂಡು ನಡುವೆ ಇಟ್ಟು, ನೆಲದಿಂದ ಎತ್ತರದಲ್ಲಿ, ನೆರಳಲ್ಲಿ ಒಣಗಿಸಿ. ಈ ವರ್ಷದ ಮಳೆಗೆ ಮೊದಲು ಮಾಡು ಏರಿಸುವ ಅವಸರ ಬೇಡ. ಮೊದಲು ಹೊಸ ಹಟ್ಟಿಯ ಮಾಡನ್ನು ಇದೇ ಮರದಲ್ಲಿ ಮಾಡಿಸಿ. ಆಚಾರಿಯ ಕೈಗೂ ಪಳಗುತ್ತದೆ, ಒಂದು ಮಳೆಗಾಲ ಎಲ್ಲಿ ನೀರು ತಾಗುತ್ತದೆ ಎಂದು ನೀವೇ ನೋಡಬಹುದು. ಮನೆಯ ಪಕ್ಕಾಸು ಅಷ್ಟರಲ್ಲಿ ಒಣಗಿ ಸಿದ್ಧವಾಗಿರುತ್ತದೆ.